ದೊಡ್ಡಪ್ಪನ ಬಲಗಾಲು

"ಇವತ್ತು ಸಂಜೆ ನಡೆದಾಗ ನೋವಿತ್ತಾ ಟೀಚರ್?" ಎಂದು ಅವಳು ಕೇಳಿದಾಗ ಕ್ಲಿನಿಕ್ಕಿನ ಗೋಡೆಯ ಗಡಿಯಾರದಲ್ಲಿ ಬೆಳಗಿನ ಹತ್ತು ಗಂಟೆ ಹತ್ತು ನಿಮಿಷವಾಗಿತ್ತು.

ಮಂಚದ ಅಂಚಿನಲ್ಲಿ ಕೂತು ಹೊಸ ಮಂಡಿಯನ್ನು ಸವರಿಕೊಳ್ಳುತ್ತಿದ್ದ ನಿವೃತ್ತ ಗಣಿತದ ಟೀಚರ್ ಇಲ್ಲ, ಅಷ್ಟೇನಿರಲಿಲ್ಲ ಎಂದು ಅರ್ಧ ಹೇಳಿ ಬಾಯಿ ಮುಚ್ಚಿಕೊಂಡರು. ಅವರು ತಂದಿದ್ದ ಹಾಳೆಯನ್ನು ನೋಡಿದರೆ ಕಣ್ಣಿಗೆ ಹಬ್ಬ. ದಿನಕ್ಕೆ ಮೂರು ನಡಿಗೆ, ವಾರಕ್ಕೆ ಇಪ್ಪತ್ತೊಂದು ಚೌಕ, ಒಂದೊಂದರಲ್ಲೂ ಸರಿ ಗುರುತು. ನೀಲಿ ಪೆನ್ನು, ಕಪ್ಪು ಪೆನ್ನು, ನಡುವೆ ಎಲ್ಲೋ ಒಂದೆರಡು ಕಡೆ ಪೆನ್ಸಿಲ್ಲು. ಬುಧವಾರದ ಮೇಲೆ ಟೀ ಲೋಟದ ಕಲೆಯನ್ನೂ ಮೂಡಿಸಿದ್ದರು. ಎಷ್ಟೆಂದರೂ ಜೀವಮಾನವೆಲ್ಲ ಮಕ್ಕಳ ಕಳ್ಳತನ ಹಿಡಿದ ಅನುಭವ. ಆದರೆ ಉತ್ಸಾಹ ಸ್ವಲ್ಪ ಜಾಸ್ತಿಯಾಗಿ, ಇನ್ನೂ ಬಾರದೇ ಇದ್ದ ಆ ದಿನದ ಸಂಜೆಗೂ ಗುರುತು ಎಳೆದುಬಿಟ್ಟಿದ್ದರು.

"ನಲವತ್ತು ವರ್ಷ ಕಾಪಿ ಹೊಡೆಯೋರನ್ನ ಹಿಡಿದಿದ್ದೀನಿ ಮೇಡಂ," ಎಂದರು ಟೀಚರ್, ಕಿಟಕಿಯ ಕಡೆ ನೋಡುತ್ತ. "ಹೊಡೆಯೋದು ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ."

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಹದಿನಾರು ವರ್ಷದಿಂದ ಫಿಜಿಯೋಥೆರಪಿಸ್ಟ್ ಆಗಿರುವವಳು, ಎಷ್ಟು ಹಾಳೆ ನೋಡಿಲ್ಲ. ಶಸ್ತ್ರಚಿಕಿತ್ಸೆ ಮಾಡುವವರು ಕೀಲು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ, ಆಮೇಲೆ ಆ ಕಾಲನ್ನು ನಡೆಸುವುದು ಇವಳ ಪಾಲಿಗೆ. ದಮ್ಮಯ್ಯ ಎಂದರೂ ಜನ ನಡೆಯುವುದಿಲ್ಲ, ಗುರುತು ಮಾತ್ರ ತಪ್ಪದೆ ಹಾಕುತ್ತಾರೆ. ಇಂಥವರಿಗೆಲ್ಲ ಹೇಳುವ ಒಂದು ಮಾತನ್ನು ಅವಳು ಟೀಚರಿಗೂ ಹೇಳಿದಳು.

"ಸ್ನಾಯುಗೆ ಓದೋಕೆ ಬರಲ್ಲ ಟೀಚರ್. ಹಾಳೆ ಮೇಲೆ ನೀವು ಏನು ಬರೆದ್ರೂ ಅದಕ್ಕೆ ಗೊತ್ತಾಗಲ್ಲ."

ಟೀಚರ್ ಮುಖ ಸಣ್ಣದು ಮಾಡಿಕೊಂಡು ಹೊಸ ಹಾಳೆ ತೆಗೆದುಕೊಂಡು ಹೋದರು.

ಇಷ್ಟು ದೊಡ್ಡ ಮಾತಾಡಿದವಳ ಮನೆಯ ಫ್ರಿಜ್ಜಿನ ಬಾಗಿಲ ಮೇಲೂ ಒಂದು ಹಾಳೆ ನೇತಾಡುತ್ತಿತ್ತು. ಅದೂ ದಿನಕ್ಕೆ ಮೂರು ಚೌಕದ್ದೇ. ಹೆಸರಿನ ಜಾಗದಲ್ಲಿ ಮಗಳು ಬಣ್ಣದ ಪೆನ್ನಿನಲ್ಲಿ 'ದೊಡ್ಡಪ್ಪ' ಎಂದು ಬರೆದು ಕೆಳಗೊಂದು ಬಾಲ ಎಳೆದಿದ್ದಳು.

ಮನೆಯಲ್ಲಿ ನಾಯಿಗಳು ಎರಡು. ದೊಡ್ಡಪ್ಪ ಹತ್ತು ವರ್ಷದವನು. ಮೂರು ತಿಂಗಳ ಮರಿಯಾಗಿ ಬಂದ ದಿನವೇ ನೆಂಟರ ಮನೆಗೆ ಬಂದು ಯಾರೂ ವಿಚಾರಿಸಿಕೊಳ್ಳದ ಹಿರಿಯರ ಹಾಗೆ ಮುಖ ಬಿಗಿದು ಮೂಲೆಯಲ್ಲಿ ಕೂತಿದ್ದರಿಂದ ಆ ಹೆಸರು ಬಂತು. ಇನ್ನೊಬ್ಬ ಚಿಲ್ಲರೆ. ಅವಳ ಗಂಡ ಬಸ್ ಡ್ರೈವರ್, ಡಿಪೋದ ಹಿಂದೆ ಟೈರುಗಳ ನಡುವೆ ಸಿಕ್ಕ ಈ ಮರಿಯನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಈಗ ಎರಡು ವರ್ಷದ ಚಿಲ್ಲರೆ ಜೇಬಿಗಿರಲಿ, ಮನೆಗೇ ಹಿಡಿಸುವುದಿಲ್ಲ. ದಿನಕ್ಕೊಂದು ಗಂಟೆ ಓಡಿಸದಿದ್ದರೆ ಸೋಫಾದ ಹತ್ತಿ ಹೊರಗೆ ಬರುತ್ತದೆ. ಒಬ್ಬನಿಗೆ ಓಟ ಬೇಕು, ಇನ್ನೊಬ್ಬನಿಗೆ ಆಮೆಯ ನಡಿಗೆ ಬೇಕು. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋದರೆ ಅವಳ ಎರಡು ಕೈ ಎರಡು ದಿಕ್ಕಿಗೆ ಹೋಗುತ್ತವೆ.

ಆರು ವಾರದ ಹಿಂದೆ ದೊಡ್ಡಪ್ಪನ ಬಲಗಡೆಯ ಹಿಂಗಾಲಿನ ಸೊಂಟದ ಕೀಲಿಗೆ ಆಪರೇಷನ್ ಆಗಿತ್ತು. ಅದುವರೆಗೂ ಬೀದಿಯ ಕಂಬಗಳೆಲ್ಲ ತನ್ನ ಅಪ್ಪನ ಆಸ್ತಿ ಎಂಬಂತೆ ಒಂದೊಂದಕ್ಕೂ ಎಡಗಾಲು ಎತ್ತಿ ಸಹಿ ಹಾಕಿ ಬರುತ್ತಿದ್ದವನು ಅವನು. ಆಮೇಲೆ ಎಡಗಾಲು ಎತ್ತೋಣವೆಂದರೆ ಬಲಗಾಲು ಮೈ ಹೊರುವುದಿಲ್ಲ, ಬಲಗಾಲನ್ನೇ ಎತ್ತೋಣವೆಂದರೆ ನೋವು. ಹಾಗಾಗಿ ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಹೆಣ್ಣು ಮರಿಯ ಹಾಗೆ ಕುಕ್ಕರುಗಾಲಿನಲ್ಲಿ ಕೂತು ಮುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ಬರುತ್ತಿದ್ದ.

ನಾಯಿಯ ಡಾಕ್ಟರ್ ಬರೆದುಕೊಟ್ಟಿದ್ದು ಸುಲಭದ್ದೇ. ಹೊತ್ತಿಗೆ ಹನ್ನೆರಡು ನಿಮಿಷ, ನಿಧಾನವಾಗಿ, ಸಮತಟ್ಟಾದ ಜಾಗದಲ್ಲಿ, ದಿನಕ್ಕೆ ಮೂರು ಸಲ. ನಾನೇ ನೋಡಿಕೊಳ್ಳುತ್ತೇನೆ ಎಂದು ಅವಳು ಗಂಡನಿಗೆ ಜಂಬದಿಂದ ಹೇಳಿದ್ದಳು. ತನ್ನ ಕಸುಬೇ ಅದಲ್ಲವೇ. ಅವನೂ ಸರಿ ಎಂದು ಚಿಲ್ಲರೆಯನ್ನು ಓಡಿಸುವುದನ್ನು ಮಾತ್ರ ತಾನು ಇಟ್ಟುಕೊಂಡ. ಕಲಿತವಳ ಕೆಲಸಕ್ಕೆ ಕೈ ಹಾಕಿ ಏನಾದರೂ ಮುರಿದರೆ ಎಂಬ ಭಯ ಬೇರೆ ಅವನಿಗೆ.

ಮೊದಲ ವಾರ ಮೂರು ಹೊತ್ತೂ ನಡೆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಸ್ಕೂಟರಿನಲ್ಲಿ ಮನೆಗೆ ಹಾರಿ ಬರುತ್ತಿದ್ದಳು. ಎರಡನೇ ವಾರ ಕ್ಲಿನಿಕ್ಕಿನ ಇನ್ನೊಬ್ಬಳು ರಜೆ ಹಾಕಿದಳು, ಮಧ್ಯಾಹ್ನ ತಪ್ಪಿತು. ಬೆಳಿಗ್ಗೆ ಮಗಳ ಜಡೆ, ಮಗಳ ಡಬ್ಬಿ, ತನ್ನ ಡಬ್ಬಿ, ಎಂಟಕ್ಕೆ ಮೊದಲ ರೋಗಿ. ಸಂಜೆ ಬಂದರೆ ಅಡುಗೆ, ಬಟ್ಟೆ, ಮಗಳ ಲೆಕ್ಕ. ನಡಿಗೆ ಗೇಟಿನವರೆಗೆ ಬಂತು, ಆಮೇಲೆ ಮೆಟ್ಟಿಲಿನವರೆಗೆ. ಮೂರು ಮೆಟ್ಟಿಲು ಇಳಿದು ಹತ್ತುವುದೂ ನಡಿಗೆಯೇ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅದೂ ಹೋಯಿತು. ನಾಳೆ ಎರಡು ಸಲ ಸೇರಿಸಿ ನಡೆಸಿದರಾಯಿತು ಎಂದುಕೊಂಡು ಚೌಕಗಳನ್ನು ಖಾಲಿ ಬಿಟ್ಟಳು.

ಇದರ ನಡುವೆ ಅವಳದೊಂದು ಗುಟ್ಟಿತ್ತು. ಸಂಜೆ ಆರಕ್ಕೆ ಬಂದು, ಮನೆಯ ಪಕ್ಕದ ಗೋಡೆಯ ಹತ್ತಿರ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ ತೆಗೆದು ಕಾಲ ಬಳಿ ಇಟ್ಟುಕೊಂಡು, ಇಳಿಯದೆ ಹಾಗೇ ಕೂತಿರುತ್ತಿದ್ದಳು. ಹದಿನೈದು ನಿಮಿಷ. ಫೋನನ್ನೂ ನೋಡುತ್ತಿರಲಿಲ್ಲ. ಎದುರಿನ ಗೋಡೆಯ ಬಣ್ಣ ಎಲ್ಲೆಲ್ಲಿ ಏಳುತ್ತಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಆ ಹೊತ್ತಿಗೆ ಮಗಳು ಪಾಠಕ್ಕೆ ಹೋಗಿರುತ್ತಿದ್ದಳು, ಗಂಡ ಚಿಲ್ಲರೆಯನ್ನು ಮೈದಾನಕ್ಕೆ ಕರೆದೊಯ್ದಿರುತ್ತಿದ್ದ. ದಿನವಿಡೀ ಯಾರ್ಯಾರದೋ ಕಾಲು ಎತ್ತಿ ಇಳಿಸಿ ಬಂದವಳು ಆ ಹದಿನೈದು ನಿಮಿಷ ಯಾರ ಮೇಡಮ್ಮೂ ಆಗಿರುತ್ತಿರಲಿಲ್ಲ, ಯಾರ ಅಮ್ಮನೂ ಆಗಿರುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೇನೂ ಅಲ್ಲವೆಂದೇ ಅಂದುಕೊಂಡಿದ್ದಳು.

ಶನಿವಾರ ನಾಯಿಯ ಡಾಕ್ಟರಿಗೆ ತೋರಿಸಬೇಕಿತ್ತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ, ಗಂಡ ಮುಂದಿನ ಸೀಟಿನಲ್ಲಿ ಕೂತು ಕಾರಿನವನ ಗೇರು ಹಾಕುವ ರೀತಿಗೆ ಮೂಗು ಮುರಿಯುತ್ತಿದ್ದ. ಅವಳು ಹಾಳೆ ತೆಗೆದಳು. ಅರ್ಧಕ್ಕರ್ಧ ಖಾಲಿ. ಚೀಲದಿಂದ ನೀಲಿ ಪೆನ್ನು ತೆಗೆದಳು. ನಾಲ್ಕು ಗುರುತು ಹಾಕುವಷ್ಟರಲ್ಲಿ ಟೀಚರ ವಿದ್ಯೆ ನೆನಪಾಗಿ ಕಪ್ಪು ಪೆನ್ನಿಗೂ ಕೈ ಹಾಕಿದಳು. ಕಾರು ಗುಂಡಿಗೆ ಬಿದ್ದಾಗ ಗುರುತುಗಳು ತಾವಾಗಿಯೇ ಬೇರೆಬೇರೆ ಥರ ಬಂದವು, ಅದೂ ಒಳ್ಳೆಯದೇ ಆಯಿತು.

ಡಾಕ್ಟರ್ ಮಾತು ಕಡಿಮೆಯ ಮನುಷ್ಯ. ಹಾಳೆ ತೆಗೆದುಕೊಂಡು ನೋಡದೆ ಪಕ್ಕಕ್ಕಿಟ್ಟರು. ದರ್ಜಿಯ ಟೇಪಿನಂಥದ್ದೊಂದನ್ನು ತೆಗೆದು ದೊಡ್ಡಪ್ಪನ ಎಡತೊಡೆಗೆ ಸುತ್ತಿದರು, ಮೂವತ್ತಾರು ಸೆಂಟಿಮೀಟರ್. ಬಲತೊಡೆಗೆ ಸುತ್ತಿದರು, ಇಪ್ಪತ್ತೊಂಬತ್ತು. ಹಿಂದಿನ ಸಲ ಮೂವತ್ತೊಂದಿತ್ತು. ಇನ್ನೊಮ್ಮೆ ಸುತ್ತಿದರು. ಇಪ್ಪತ್ತೊಂಬತ್ತೇ. ಆಗ ಹಾಳೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಗೆ ಓದಿ, ಕೊನೆಯ ಚೌಕದ ಮೇಲೆ ಹೆಬ್ಬೆಟ್ಟು ಇಟ್ಟರು.

"ಇವತ್ತು ಸಂಜೆದೂ ಆಯ್ತಾ?"

ಗಂಟೆ ನಾಲ್ಕೂ ಆಗಿರಲಿಲ್ಲ. ಅವಳಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಗಂಡ ಹಾಳೆಯನ್ನು ನೋಡಿದ, ಅವಳನ್ನು ನೋಡಿದ, ದೊಡ್ಡಪ್ಪನ ಕಿವಿ ಸವರತೊಡಗಿದ. ಬೈದಿದ್ದರೆ ವಾಸಿಯಾಗಿತ್ತು.

ಡಾಕ್ಟರೂ ಬೈಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ನು ಮೂರು ವಾರ ನೋಡುವುದು. ಆಗಲೂ ತೊಡೆ ಇಳಿಯುತ್ತಲೇ ಇದ್ದರೆ ಆ ಕಾಲು ಅಲಂಕಾರಕ್ಕಷ್ಟೇ. ಮೂರು ಕಾಲಿನ ಮೇಲೆ ಭಾರ ಬಿದ್ದು ಬೆನ್ನು ಕೆಡುತ್ತದೆ, ಇನ್ನೊಂದು ವರ್ಷಕ್ಕೆ ಮಲಗಿದ ಜಾಗದಿಂದ ಏಳುವುದಿಲ್ಲ. ಬಾಗಿಲವರೆಗೆ ಬಂದು ಮತ್ತೊಂದು ಮಾತು ಸೇರಿಸಿದರು.

"ಟೇಪು ಬೇಡ ನಿಮಗೆ. ಎಡಗಾಲು ಎತ್ತುತ್ತಾನಾ ನೋಡ್ತಾ ಇರಿ. ಎತ್ತಿದ ದಿನ ಬಲಗಾಲು ಅವನನ್ನ ಹೊತ್ತಿದೆ ಅಂತ ಲೆಕ್ಕ."

ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾಚಿಕೆಗಿಂತ ಹೆಚ್ಚಾಗಿ ಭಯವಾಗಿತ್ತು. ಹೆರಿಗೆಯಾಗಿ ಬಂದ ಮೊದಲ ತಿಂಗಳುಗಳಲ್ಲಿ, ಗಂಡ ಮುಂಜಾನೆ ಐದಕ್ಕೆ ಮೊದಲ ಬಸ್ಸಿಗೆ ಹೊರಟುಹೋದ ಮೇಲೆ, ಮಗು ಅತ್ತು ಅವಳೂ ಅಳುವಾಗ ಪಾದದ ಮೇಲೆ ಗಲ್ಲವಿಟ್ಟು ಕೂರುತ್ತಿದ್ದವನು ಇವನೇ. ಆ ಋಣಕ್ಕೆ ಇವಳು ಕೊಟ್ಟದ್ದು ಎರಡು ಬಣ್ಣದ ಪೆನ್ನಿನ ಗುರುತು.

ಮನೆಗೆ ಬಂದು ಹೊಸ ಹಾಳೆ ಅಂಟಿಸಿದರು. ಗಂಡ ಅದರ ಮುಂದೆ ನಿಂತು ಬಸ್ಸಿನ ಪಾಳಿ ಹಂಚುವವನ ಗತ್ತಿನಲ್ಲಿ ಹಂಚಿದ. ಎರಡೂವರೆಗೆ ಡ್ಯೂಟಿ ಮುಗಿಸಿ ಬಂದವನು ಮಲಗುವ ಮೊದಲು ಮಧ್ಯಾಹ್ನದ್ದು ತನ್ನದು, ಸಂಜೆ ಚಿಲ್ಲರೆಯ ಓಟವೂ ತನ್ನದು. ಬೆಳಿಗ್ಗೆ, ಸಂಜೆ ದೊಡ್ಡಪ್ಪ ಅವಳ ಪಾಲು. ನಾಯಿ ಪಟ್ಟಿ ಎಷ್ಟು ಗಿಡ್ಡ ಹಿಡಿಯಬೇಕು, ಯಾವ ಕಡೆ ನಿಲ್ಲಬೇಕು ಎಂದು ಅವಳು ತೋರಿಸಿಕೊಟ್ಟಳು. ಇಷ್ಟೇನಾ, ಇದಕ್ಕೆ ಇಷ್ಟು ದಿನ ಹೆದರಿಸಿದ್ದೀಯಲ್ಲ ಎಂದ ಅವನು. ಮಗಳು ತನ್ನ ಜಡೆ ತಾನೇ ಹಾಕಿಕೊಳ್ಳುತ್ತೇನೆಂದಳು. ಸೋಮವಾರ ಒಂದು ಜಡೆ ಕಿವಿಯ ಮೇಲೂ ಇನ್ನೊಂದು ಕತ್ತಿನ ಹತ್ತಿರವೂ ಇಟ್ಟುಕೊಂಡು ಶಾಲೆಗೆ ಹೋದಳು. ಹಾಗೆ ಬೆಳಗಿನ ಹನ್ನೆರಡು ನಿಮಿಷ ಸಿಕ್ಕಿತು.

ಸಂಜೆಯದು ಸಿಗಲಿಲ್ಲ. ಸೋಮವಾರ ಒಳಗೆ ಬರುವಾಗಲೇ ಆರೂಕಾಲು, ಮಗಳು ಆರೂವರೆಗೆ ಹಸಿವು ಎನ್ನುತ್ತ ಬಂದಳು, ಅಲ್ಲಿಗೆ ಮುಗಿಯಿತು. ಮಂಗಳವಾರವೂ ಅದೇ. ರಾತ್ರಿ ಪಾತ್ರೆ ತೊಳೆದು ಫ್ರಿಜ್ಜಿನ ಮುಂದೆ ನಿಂತು ಪೆನ್ನು ಎತ್ತಿದಳು, ಮತ್ತೆ ಕೆಳಗಿಟ್ಟಳು. ಎರಡು ಚೌಕಗಳು ಖಾಲಿಯಾಗಿಯೇ ಉಳಿದವು. ಇಡೀ ದಿನವನ್ನು ಜಾಲಾಡಿದರೂ ಇನ್ನೊಂದು ಹನ್ನೆರಡು ನಿಮಿಷ ಕಾಣಲಿಲ್ಲ. ಸ್ಕೂಟರಿನ ಮೇಲಿನ ಹದಿನೈದು ಅವಳ ಲೆಕ್ಕಕ್ಕೇ ಬರಲಿಲ್ಲ, ಅದು ಸಮಯವೆಂದೇ ಅವಳಿಗೆ ಅನಿಸಿರಲಿಲ್ಲ.

ಬುಧವಾರ ಗಂಡನಿಗೆ ವಾರದ ರಜೆ. ಚಿಲ್ಲರೆಯನ್ನು ಬೆಳಿಗ್ಗೆಯೇ ಓಡಿಸಿ ಬಂದಿದ್ದರಿಂದ ಸಂಜೆ ಮನೆಯಲ್ಲೇ ಇದ್ದ. ಆರೂಕಾಲಿಗೆ ಅವಳು ಬಾಗಿಲು ತೆಗೆದಾಗ ದೊಡ್ಡಪ್ಪ ಎಂದಿನಂತೆ ಬಾಗಿಲ ಹಿಂದೆಯೇ ನಿಂತಿದ್ದ, ಬಾಲ ಅಲ್ಲಾಡಿಸಿದ, ಅಲ್ಲೇ ದೊಪ್ಪನೆ ಕುಸಿದು ಮಲಗಿದ. ಅವನು ಮಲಗುವ ರೀತಿಯೇ ಅದು ಎಂದುಕೊಂಡಿದ್ದಳು ಅವಳು. ರಾತ್ರಿ ಊಟ ಮುಗಿಸಿ ಗಂಡ ತಟ್ಟೆ ಎತ್ತುತ್ತ, ಏನೋ ಸಣ್ಣ ವಿಷಯ ಎಂಬಂತೆ ಹೇಳಿದ.

"ನಿನ್ನ ಗಾಡಿ ಸದ್ದು ಕೇಳಿದ್ದೇ ತಡ, ಎದ್ದು ಬಾಗಿಲ ಹತ್ರ ಹೋಗಿ ನಿಂತ್ಕೋತಾನೆ. ಕಾಲು ಗಡಗಡ ಅಂತ ನಡುಗುತ್ತೆ. ಬಾರೋ ಅಂತ ಕರೆದೆ, ಜಪ್ಪಯ್ಯ ಅಂದ್ರೂ ಕೂರಲಿಲ್ಲ. ಕಾಲು ಗಂಟೆ ನಿಂತಿದ್ದ." ತಟ್ಟೆಯನ್ನು ಸಿಂಕಿಗೆ ಹಾಕಿದ. "ನೀನು ಒಳಗೆ ಬರೋಕೆ ಯಾಕೆ ಅಷ್ಟು ಹೊತ್ತಾಯ್ತು?"

ಫೋನ್ ಬಂದಿತ್ತು ಎಂದಳು.

ಆ ಕಾಲಿನ ಮೇಲೆ ಕಾಲು ಗಂಟೆ! ಅವಳ ಯಾವ ರೋಗಿಯನ್ನೂ ಅವಳು ಹಾಗೆ ನಿಲ್ಲಿಸುತ್ತಿರಲಿಲ್ಲ. ಅದೂ ಒಂದು ದಿನವಲ್ಲ, ಆರು ವಾರದಿಂದ, ಅವಳು ಗೋಡೆಯ ಬಣ್ಣ ನೋಡುತ್ತ ಕೂತ ಒಂದೊಂದು ಸಂಜೆಯೂ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಳು. ಕಣ್ಣು ತುಂಬಿ ದಿಂಬು ಒದ್ದೆಯಾಯಿತು.

ಗುರುವಾರ ಆರು ಗಂಟೆಗೆ ಗೋಡೆಯ ಹತ್ತಿರ ಸ್ಕೂಟರು ನಿಲ್ಲಿಸಿದಳು. ಹೆಲ್ಮೆಟ್ ತೆಗೆದು ಕೂತಳು. ಅಲ್ಲಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಒಳಗಿನಿಂದ ಬೊಗಳುವ ಸದ್ದಿಲ್ಲ, ಕೆರೆತವಿಲ್ಲ, ಏನೂ ಕೇಳಿಸಲಿಲ್ಲ. ಕರೆದಾದರೂ ಕರೆಯಬಾರದೇ ಎನಿಸಿತು. ಪಶ್ಚಾತ್ತಾಪವಷ್ಟೇ ಆಗಿದ್ದರೆ ಸುಲಭವಿತ್ತು, ಅವಳಿಗೆ ಸಿಟ್ಟೂ ಬಂತು. ಇಡೀ ಊರಿನ ಕೈಕಾಲು ನೆಟ್ಟಗೆ ಮಾಡಿ ಬಂದವಳಿಗೆ ಹದಿನೈದು ನಿಮಿಷ ಸುಮ್ಮನೆ ಕೂರುವಷ್ಟು ಯೋಗ್ಯತೆಯೂ ಇಲ್ಲವೇ? ಇದೊಂದನ್ನೂ ಕಿತ್ತುಕೊಳ್ಳಬೇಕೇ? ಹೀಗೆ ಜಗಳವಾಡಿಕೊಳ್ಳುತ್ತಲೇ ಇಳಿದು, ಹೋಗಿ ಬಾಗಿಲು ತೆಗೆದಳು. ದೊಡ್ಡಪ್ಪ ಆಗಷ್ಟೇ ಎದ್ದು ಬಾಗಿಲಿಗೆ ಬರುತ್ತಿದ್ದವನು, ಇಷ್ಟು ಬೇಗ ಬಂದೆಯಾ ಎಂಬಂತೆ ಅಲ್ಲೇ ನಿಂತುಬಿಟ್ಟ.

ಚೀಲವನ್ನೂ ಇಳಿಸದೆ ಪಟ್ಟಿ ಹಾಕಿದಳು. ಗೇಟಿನಿಂದ ವಿದ್ಯುತ್ ಪೆಟ್ಟಿಗೆಯವರೆಗೆ ಹೋಗಿ ಬಂದರೆ ನಾಲ್ಕು ನಿಮಿಷ, ಅಂಥವು ಮೂರು ಸುತ್ತು. ಮೊದಲ ಸುತ್ತಿನಲ್ಲಿ ಅವಳ ಮುಖ ಗಂಟಿಕ್ಕಿಯೇ ಇತ್ತು. ದೊಡ್ಡಪ್ಪನಿಗೆ ಅದರ ಪರಿವೆಯೇ ಇಲ್ಲ. ಇಷ್ಟು ಸಂಜೆಗಳ ಬಾಕಿ ಸುದ್ದಿಗಳನ್ನೆಲ್ಲ ಒಂದೊಂದು ಕಂಬದ ಬುಡದಲ್ಲಿ ಓದಿಕೊಳ್ಳುತ್ತ ಕುಂಟುತ್ತ ನಡೆದ. ಅವನಿಗೆ ಮಾತು ಬೇಕಿರಲಿಲ್ಲ, ಅವಳೂ ಆಡಲಿಲ್ಲ. ವಿದ್ಯುತ್ ಪೆಟ್ಟಿಗೆಯ ಹಿಂದೆ, ಆಚೀಚೆ ನೋಡಿ, ಕುಕ್ಕರಿಸಿದ. ಅವಳು ಬೆನ್ನು ತಿರುಗಿಸಿ ನಿಂತಳು.

ಮರುದಿನ ಟೀಚರ್ ಬಂದರು. ಹಾಳೆಯನ್ನು ಮುಚ್ಚುಮರೆಯಿಲ್ಲದೆ ಮಂಚದ ಮೇಲೆ ಹರಡಿದರು. ಏಳು ದಿನಕ್ಕೆ ಆರು ಗುರುತು, ಉಳಿದದ್ದೆಲ್ಲ ಖಾಲಿ. ಈಗ ಬೈಯಿರಿ ಎಂಬಂತೆ ಕೈಕಟ್ಟಿ ಕೂತರು.

"ಏನು ಕಷ್ಟ ಆಗ್ತಿದೆ ಟೀಚರ್? ಮಂಡಿ ನೋವಾ?"

"ನಡೆಯೋದೇನೂ ಕಷ್ಟ ಇಲ್ಲ ಮೇಡಂ," ಎಂದರು ಟೀಚರ್. "ಚಪ್ಪಲಿ ಹಾಕ್ಕೊಳೋದು ಕಷ್ಟ. ಹಾಕ್ಕೊಂಡ್ರೆ ನಡೆದುಬಿಡ್ತೀನಿ. ಹಾಕ್ಕೊಳೋವರೆಗೆ ಒಂದು ಗಂಟೆ ಕೂತಿರ್ತೀನಿ."

ಅವಳು ಹಾಳೆಯನ್ನು ಮಡಚಿದಳು. ಸ್ನಾಯುವಿಗೆ ಓದಲು ಬರುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. "ನಾನೂ ಹಾಗೇ ಟೀಚರ್," ಎಂದಳು, "ನಾನು ಗಾಡಿಯಿಂದ ಇಳಿಯಲ್ಲ." ಹಾಗೆಂದರೇನು ಎಂದು ಟೀಚರ್ ಕೇಳಿದ್ದಕ್ಕೆ ದೊಡ್ಡಪ್ಪನ ವಿಷಯವನ್ನು, ಕಾರಿನಲ್ಲಿ ಕೂತು ಎರಡು ಪೆನ್ನಿನಲ್ಲಿ ಗುರುತು ಹಾಕಿದ್ದನ್ನು, ಬಾರದ ಸಂಜೆಗೆ ಹಾಕಿ ಸಿಕ್ಕಿಬಿದ್ದದ್ದನ್ನು ಒಂದೂ ಬಿಡದೆ ಹೇಳಿದಳು. ಟೀಚರ್ ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಮಂಡಿ ಹಿಡಿದುಕೊಂಡು ನಕ್ಕರು, ಪಕ್ಕದ ಮಂಚದವರು ತಿರುಗಿ ನೋಡುವಷ್ಟು. ಹೋಗುವಾಗ, ಮೂರನೇ ಪೆನ್ನು ಯಾಕೆ ತರಲಿಲ್ಲ ನೀವು ಎಂದು ಬೇರೆ ಕೇಳಿದರು.

ಮುಂದಿನ ಎರಡು ವಾರದಲ್ಲಿ ಎಲ್ಲವೂ ನೇರವಾಗಿ ನಡೆಯಿತೆಂದಲ್ಲ. ಒಂದು ದಿನ ಮಳೆ, ಇನ್ನೊಂದು ದಿನ ಮಗಳಿಗೆ ಜ್ವರ. ಒಮ್ಮೆ ಗಂಡ ಮಧ್ಯಾಹ್ನ ನಿದ್ದೆಹೋಗಿ ಆ ಚೌಕ ತಪ್ಪಿಸಿದ, ಅದರ ಪಕ್ಕದಲ್ಲಿ ತಾನೇ 'ಡ್ರೈವರ್ ಮಲಗಿದ್ದ' ಎಂದು ಬರೆದ. ಸಂಜೆಗಳು ಮಾತ್ರ ಎರಡೇ ಖಾಲಿ ಹೋದವು. ಸ್ಕೂಟರಿನ ಮೇಲೆ ಕೂರುವುದು ಅವಳಿಗೆ ಈಗಲೂ ಬೇಕೆನಿಸುತ್ತಿತ್ತು, ಅದನ್ನು ಮರೆತಳೆಂದರೆ ಸುಳ್ಳಾಗುತ್ತದೆ. ಕಾಲು ನಡುಗುವುದು ಸ್ವಲ್ಪ ಕಡಿಮೆಯಾಯಿತೇನೋ ಎನಿಸುತ್ತಿತ್ತು, ಮರುದಿನ ಇಲ್ಲವೆನಿಸುತ್ತಿತ್ತು. ದಿನಾ ನೋಡುವ ಕಣ್ಣಿಗೆ ಏನೂ ತಿಳಿಯುವುದಿಲ್ಲ ಎಂದು ರೋಗಿಗಳ ಮನೆಯವರಿಗೆ ತಾನೇ ಹೇಳುತ್ತಿದ್ದಳು. ದೊಡ್ಡಪ್ಪ ಪ್ರತಿ ಸಂಜೆಯೂ ಪೆಟ್ಟಿಗೆಯ ಹಿಂದೆ ಕುಕ್ಕರಿಸುತ್ತಲೇ ಇದ್ದ.

ಮೂರನೇ ವಾರದ ಶುಕ್ರವಾರ. ಮರುದಿನ ಟೇಪಿನ ಮುಂದೆ ನಿಲ್ಲಬೇಕು. ಆ ದಿನ ಅವಳು ಮನೆಗೆ ಬರುವಾಗಲೇ ಹತ್ತು ನಿಮಿಷ ತಡ. ಹೆಲ್ಮೆಟ್ಟನ್ನು ಸ್ಕೂಟರಿನ ಪಕ್ಕ ನೆಲದ ಮೇಲೇ ಅಂಗಾತ ಇಟ್ಟು ಓಡಿ, ಅವನನ್ನು ಹೊರಗೆ ತಂದಳು. ಪೆಟ್ಟಿಗೆಯ ಹತ್ತಿರ ಅವನು ಕುಕ್ಕರಿಸಲಿಲ್ಲ. ಮೂಸಿ ಮುಂದೆ ಹೋದ. ನೋವು ಜಾಸ್ತಿಯಾಯಿತೇ ಎಂದು ಅವಳು ಬಗ್ಗಿ ಅವನ ಬಲಗಾಲು ನೋಡಿದಳು. ಎರಡನೇ ಸುತ್ತಿನಲ್ಲೂ ಇಲ್ಲ. ಮೂರನೆಯದು ಮುಗಿಸಿ ಮನೆಯ ಗೋಡೆಯ ಹತ್ತಿರ ಬರುವಾಗ ಚೀಲದೊಳಗೆ ಫೋನ್ ಹೊಡೆದುಕೊಳ್ಳತೊಡಗಿತು. ಪಾಠದ ಮನೆಯಿಂದ ಮಗಳದಿರಬೇಕು, ಇಲ್ಲವೇ ಕ್ಲಿನಿಕ್ಕಿನದು.

ದೊಡ್ಡಪ್ಪ ಸ್ಕೂಟರಿನ ಹಿಂದಿನ ಚಕ್ರದ ಮುಂದೆ ನಿಂತ. ದೀರ್ಘವಾಗಿ ಮೂಸಿದ. ಆಚೀಚೆ ನೋಡಲಿಲ್ಲ. ಮೈಯನ್ನು ನಿಧಾನವಾಗಿ ಬಲಕ್ಕೆ ವಾಲಿಸಿದ, ಎಡಗಾಲು ಒಂದು ಗೇಣು ಮೇಲೆದ್ದು ಥಟ್ಟನೆ ಕೆಳಗಿಳಿಯಿತು. ಅವಳು ಪಟ್ಟಿಯನ್ನು ಸಡಿಲ ಬಿಟ್ಟಳು. ಅವನು ಇನ್ನೊಮ್ಮೆ ವಾಲಿದ. ಬಲತೊಡೆ ಸಣ್ಣಗೆ ನಡುಗಿತು, ನಡುಗುತ್ತಲೇ ನಿಂತಿತು, ಎಡಗಾಲು ಮೇಲೇರಿತು, ಮೇಲೆಯೇ ಉಳಿಯಿತು.

ಚಕ್ರ ಒದ್ದೆಯಾಯಿತು, ಕಾಲಿಡುವ ಜಾಗ ಒದ್ದೆಯಾಯಿತು, ಅಲ್ಲಿಂದ ಹರಿದದ್ದು ಕೆಳಗಿದ್ದ ಹೆಲ್ಮೆಟ್ಟಿನೊಳಗೆ ಇಳಿಯಿತು. ಫೋನ್ ಹೊಡೆದುಕೊಂಡು ಸುಮ್ಮನಾಗಿ ಮತ್ತೆ ಶುರುವಾಯಿತು. ಬೀದಿಯ ತಿರುವಿನಲ್ಲಿ ಗಂಡ, ಚಿಲ್ಲರೆ ಎಳೆದ ಕಡೆ ಓಡುತ್ತ, ಏದುಸಿರು ಬಿಡುತ್ತ ಕಾಣಿಸಿಕೊಂಡ. ಅವಳು ಅಂಗೈ ಎತ್ತಿ ಅಲ್ಲೇ ನಿಲ್ಲುವಂತೆ ಸನ್ನೆ ಮಾಡಿದಳು. ಅವನು ಇತ್ತ ನೋಡಿದ, ನಿಂತ, ಮಂಡಿಯೂರಿ ಚಿಲ್ಲರೆಯ ಬಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡ. ದೊಡ್ಡಪ್ಪ ಅವಸರ ಮಾಡಲಿಲ್ಲ. ಅವನದು ಮುಗಿಯುವವರೆಗೂ ಮೂವರೂ ತಂತಮ್ಮ ಜಾಗದಲ್ಲಿ ಹಾಗೆಯೇ ಕಾದರು.